ಓದುಗರ ಪ್ರಶ್ನೆ: ‘ಡಾರ್ಕ್ ಆಫ್ ದಿ ಸನ್’ ಕಥೆ ನಿಜವಾಗಿ ನಡೆದದ್ದಾ?

1968ರ ಈ ಸಿನಿಮಾ ನೋಡಿದವರು ಹೆಚ್ಚಾಗಿ ಕೇಳುವುದು ಇದನ್ನೇ. ಆಫ್ರಿಕಾದ ಕಾಂಗೋದಲ್ಲಿ ಯುದ್ಧದ ನಡುವೆ ಸಿಕ್ಕಿಬಿದ್ದ ಜನರನ್ನೂ ವಜ್ರಗಳನ್ನೂ ರೈಲಿನಲ್ಲಿ ತರಲು ಹೋಗುವ ಬಾಡಿಗೆ ಸೈನಿಕರ ಕಥೆ ಇದು. ರೈಲು, ವಜ್ರ, ಬಾಡಿಗೆ ಸೈನಿಕ ಕ್ಯಾಪ್ಟನ್ ಕರ್ರಿ ಎಲ್ಲ ಕಟ್ಟುಕಥೆ. ವಿಲ್ಬರ್ ಸ್ಮಿತ್ ಅವರ ಕಾದಂಬರಿಯಿಂದ ಬಂದದ್ದು. ಯುದ್ಧ ಮಾತ್ರ ನಿಜ.

ಕಾಂಗೋ ಬೆಲ್ಜಿಯಂ ಕೈಯಿಂದ ಬಿಡುಗಡೆಯಾದದ್ದು 1960ರ ಜೂನ್ 30ರಂದು. ಎರಡು ವಾರ ಕಳೆಯುವ ಮೊದಲೇ ತಾಮ್ರದ ಗಣಿಗಳ ಕಟಾಂಗ ಪ್ರಾಂತ್ಯ ತಾನು ಬೇರೆ ದೇಶ ಎಂದು ಸಾರಿಕೊಂಡಿತು. ಅದರ ನಾಯಕ ಮೊಯಿಸ್ ಶೋಂಬೆ ಸಂಬಳ ಕೊಟ್ಟು ಬಿಳಿಯ ಸೈನಿಕರನ್ನು ಕರೆಸಿಕೊಂಡರು. ಎದುರಿಗಿದ್ದ ವಿಶ್ವಸಂಸ್ಥೆಯ ಪಡೆಯಲ್ಲಿ ನಮ್ಮವರೂ ಇದ್ದರು. 1961ರ ಡಿಸೆಂಬರ್ 5ರಂದು ಕಟಾಂಗದ ರಾಜಧಾನಿ ಎಲಿಜಬೆತ್‌ವಿಲ್‌ನಲ್ಲಿ ರಸ್ತೆತಡೆ ತೆರವು ಮಾಡಲು ಹೋಗಿ ಪ್ರಾಣ ಕೊಟ್ಟ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಸಂದಿತು. ಈ ಸಿನಿಮಾ ಹಾಕಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಸಿನಿಮಾದಲ್ಲಿ ಬರುವ, ಸರ್ಕಾರದ ವಿರುದ್ಧದ ಸಿಂಬಾ ಬಂಡಾಯಗಾರರು ಎದ್ದದ್ದು ಆಮೇಲೆ, 1964ರಲ್ಲಿ. ಅಷ್ಟರಲ್ಲಿ ಕಟಾಂಗ ಮತ್ತೆ ಕಾಂಗೋಗೆ ಸೇರಿತ್ತು, ಶೋಂಬೆ ಇಡೀ ಕಾಂಗೋದ ಪ್ರಧಾನಿಯಾದರು. ಅವರಿಗಾಗಿ ಮೈಕ್ ಹೋರ್ ಎಂಬವರು ‘5 ಕಮಾಂಡೋ’ ಎಂಬ ಬಾಡಿಗೆ ಸೈನಿಕರ ಪಡೆ ಕಟ್ಟಿದರು. ಎರಡನೇ ಮಹಾಯುದ್ಧದ ಐರನ್ ಕ್ರಾಸ್ ಪದಕವನ್ನು ಎದೆಗೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದ ಜರ್ಮನ್ ಸೈನಿಕ ಸೀಗ್‌ಫ್ರೀಡ್ ಮುಲ್ಲರ್ ಅದರಲ್ಲಿದ್ದ. ಸಿನಿಮಾದಲ್ಲಿ ನಾಜಿಗಳ ಸ್ವಸ್ತಿಕ ಧರಿಸುವ ಬಾಡಿಗೆ ಸೈನಿಕ ಹೆನ್ಲೈನ್‌ನನ್ನು ನೋಡಿ ‘ಇದು ಸ್ವಲ್ಪ ಜಾಸ್ತಿಯಾಯ್ತು’ ಅನ್ನಿಸುತ್ತೆ, ಅಲ್ವಾ? ಅಂಥವರು ಅಲ್ಲಿ ನಿಜಕ್ಕೂ ಇದ್ದರು.

ನನ್ನನ್ನು ಕಾಡುವುದು ರೈಲಿನ ದೃಶ್ಯ. ವಜ್ರದ ಖಜಾನೆಗೆ ಟೈಮ್ ಲಾಕ್. ಅದು ತೆರೆಯಲು ಮೂರು ಗಂಟೆ ಕಾಯಲೇಬೇಕು. ಜನ ಬೋಗಿಯಲ್ಲಿ ಕೂತು ಬೆವರುತ್ತಾರೆ. ರೈಲು ಹೊರಡುವಷ್ಟರಲ್ಲಿ ಸಿಂಬಾಗಳು ಬಂದೇ ಬಿಡುತ್ತಾರೆ. ಶೆಲ್ ಬಿದ್ದು ಹಿಂದಿನ ಬೋಗಿಯ ಕೊಂಡಿ ಕಳಚುತ್ತದೆ. ಇಳಿಜಾರಿನಲ್ಲಿ ಆ ಬೋಗಿ, ಒಳಗಿರುವ ಜನರ ಸಮೇತ, ಊರಿನ ಕಡೆಗೇ ಹಿಂದಕ್ಕೆ ಉರುಳುತ್ತದೆ. ಮುಂದಿನ ಬೋಗಿಯವರು ಸುಮ್ನೆ ನೋಡುತ್ತಾ ನಿಲ್ಲಬೇಕು. ಹೀಗೊಂದು ರೈಲು ಇರಲಿಲ್ಲ. ಆದರೆ 1964ರ ನವೆಂಬರ್ 24ರಂದು, ಸಿಂಬಾಗಳು ವಿದೇಶಿಯರನ್ನು ಒತ್ತೆಯಾಳುಗಳಾಗಿ ಹಿಡಿದಿಟ್ಟಿದ್ದ ಕಾಂಗೋದ ಸ್ಟಾನ್ಲಿವಿಲ್ ನಗರದಲ್ಲಿ ಬೆಲ್ಜಿಯಂ ಸೈನಿಕರು ಪ್ಯಾರಾಚೂಟ್‌ನಲ್ಲಿ ಇಳಿದರು. ಅವರು ತಲುಪುವ ಹೊತ್ತಿಗೆ ಬಂಡಾಯಗಾರರು ಒತ್ತೆಯಾಳುಗಳನ್ನು ಬೀದಿಗೆ ತಂದು ಗುಂಡು ಹಾರಿಸಿದ್ದರು. ಸಹಾಯ ಕಣ್ಣಳತೆಯಲ್ಲೇ ಇದ್ದೂ ಕೈಗೆ ಸಿಗದ ಆ ಭಯವನ್ನು ಸಿನಿಮಾ ಸರಿಯಾಗಿ ಹಿಡಿದಿದೆ.

ಬಂಡಾಯಗಾರರ ವಿಷಯದಲ್ಲಿ ಮಾತ್ರ ಅನ್ಯಾಯ ಮಾಡಿದೆ. ಅವರು ಯಾಕೆ ಬಂದೂಕು ಹಿಡಿದರು ಎಂದು ಕೇಳುವ ಗೋಜಿಗೇ ಹೋಗುವುದಿಲ್ಲ. ಅವರಲ್ಲಿ ತುಂಬಾ ಜನ ದೇಶದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಹೆಸರು ಹೇಳಿಕೊಂಡು ಹೋರಾಡಿದರು. ಆ ಲುಮುಂಬಾರನ್ನು 1961ರ ಜನವರಿ 17ರಂದು ಗುಂಡಿಟ್ಟು ಕೊಂದದ್ದು ಶೋಂಬೆಯವರ ಕಟಾಂಗದಲ್ಲೇ.