ಪದ ಪರಿಚಯ: ಕರಿನೀರು

ಕರಿನೀರು ಎಂದರೆ ಬ್ರಿಟಿಷರ ಕಾಲದಲ್ಲಿ ಕೈದಿಗಳನ್ನು ಸಮುದ್ರದಾಚೆಗೆ ಸಾಗಿಸುತ್ತಿದ್ದ ಶಿಕ್ಷೆ. ಹಾಗೆ ಅಂಡಮಾನಿಗೆ ಸಾಗಿಸಿದ ಹೆಂಗಸರ ಬಗ್ಗೆ ಕನ್ನಡದಲ್ಲಿ ಏನೇ ಬರಲಿ, ಎರಡು ತಪ್ಪು ಖಾಯಂ. ‘ಅವರನ್ನು ಗಡಿಪಾರು ಮಾಡಲಾಯಿತು’ ಎಂಬ ವಾಕ್ಯ ಒಂದು. ಪಕ್ಕದಲ್ಲಿ ಸೆಲ್ಯುಲರ್ ಜೈಲಿನ ಫೋಟೊ ಇನ್ನೊಂದು.

ಗಡಿಪಾರನ್ನು ಬೇಗ ಮುಗಿಸೋಣ. ರೌಡಿಯನ್ನು ಜಿಲ್ಲೆಯಿಂದಾಚೆ ಅಟ್ಟುತ್ತಾರಲ್ಲ, ಅದು ಗಡಿಪಾರು. ಗಡಿ ದಾಟಿದ ಮೇಲೆ ಅವನು ಎಲ್ಲಿ ಬೇಕಾದರೂ ಇರಬಹುದು. ಕರಿನೀರಿನಲ್ಲಿ ಎಲ್ಲಿರಬೇಕು, ಏನು ಕೆಲಸ, ಎಷ್ಟು ವರ್ಷ, ಎಲ್ಲವೂ ಸರ್ಕಾರದ್ದೇ ತೀರ್ಮಾನ. 1860ರ ದಂಡ ಸಂಹಿತೆಯ 53ನೇ ಕಲಮಿನಲ್ಲಿ ಮರಣದಂಡನೆಯ ನಂತರದ ಜಾಗ ಇದರದ್ದು. 1956ರ ಜನವರಿ 1ರಿಂದ ಅಲ್ಲಿಗೆ ಜೀವಾವಧಿ ಸೆರೆವಾಸ ಬಂತು.

ಈಗ ಪದದ ಹುಟ್ಟು. ಹಿಂದಿಯಲ್ಲಿ ಕರಿನೀರಿಗೆ ‘ಕಾಲಾಪಾನಿ’ ಎನ್ನುತ್ತಾರೆ. ಅದರ ‘ಕಾಲ’ ಎಂದರೆ ಯಮ, ಹಾಗಾಗಿ ಅದು ಸಾವಿನ ನೀರು ಎಂದು ಬಿಡಿಸುವವರಿದ್ದಾರೆ. ಕೇಳಲು ಚೆನ್ನ, ವ್ಯಾಕರಣ ಒಪ್ಪುವುದಿಲ್ಲ. ಹಿಂದಿಯಲ್ಲಿ ಯಮನ ‘ಕಾಲ್’ ಬೇರೆ, ಕಪ್ಪಿನ ‘ಕಾಲಾ’ ಬೇರೆ. ‘ಪಾನಿ’ ಪುಲ್ಲಿಂಗ, ಅದಕ್ಕೆ ಹೊಂದಿ ‘ಕಾಲಾ’ ಬಂದಿದೆ, ಅಷ್ಟೇ. ‘ಕರಿನೀರು’ ಎಂದ ನಮ್ಮವರು ಸರಿಯಾಗಿಯೇ ಕೇಳಿಸಿಕೊಂಡಿದ್ದರು. ಹೆಸರಿನಲ್ಲಿರುವುದು ನೀರು, ಕಟ್ಟಡವಲ್ಲ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ನಂಬಿದವರಿಗೆ ಹಡಗು ಹತ್ತಿದಾಗಲೇ ಅರ್ಧ ಶಿಕ್ಷೆ ಆಗಿಹೋಗಿತ್ತು. ಪೋರ್ಟ್ ಬ್ಲೇರಿನಲ್ಲಿ 1858ರಲ್ಲಿ ಕೈದಿಗಳ ವಸಾಹತು ಶುರುವಾಗುವ ಮೊದಲೇ ಸುಮಾತ್ರಾದ ಬೆಂಕುಲೆನ್, ಪೆನಾಂಗ್, ಮಾರಿಷಸ್, ಸಿಂಗಾಪುರಗಳಿಗೆ ಕೈದಿಗಳು ಹೋಗಿದ್ದರು. ಸೆಲ್ಯುಲರ್ ಜೈಲು ಕಟ್ಟಿದ್ದು 1896ರಿಂದ 1906ರವರೆಗೆ. ಅದಿಲ್ಲದೆಯೇ ಕರಿನೀರು ಹತ್ತಾರು ವರ್ಷ ನಡೆದಿತ್ತು.

ಹೆಂಗಸರ ಜೈಲಂತೂ ಬೇರೆಯೇ, ಪೋರ್ಟ್ ಬ್ಲೇರಿನ ಸೌತ್ ಪಾಯಿಂಟಿನಲ್ಲಿ. 1900ರ ಆಸುಪಾಸಿನ ನಿಯಮದಂತೆ ಅಲ್ಲಿಂದ ಹೊರಬರಲು ಇದ್ದದ್ದು ಎರಡೇ ದಾರಿ: ಅನುಮತಿ ಪಡೆದು ಮನೆಗೆಲಸಕ್ಕೆ ಸೇರುವುದು ಅಥವಾ ಮದುವೆ. ಎರಡಕ್ಕೂ ವಸಾಹತಿನಲ್ಲಿ 5 ವರ್ಷ ಕಳೆದಿರಬೇಕು. ವರ ಸಾಮಾನ್ಯವಾಗಿ ‘ಸೆಲ್ಫ್ ಸಪೋರ್ಟರ್’, ಅಂದರೆ 10 ವರ್ಷ ದುಡಿದು ಟಿಕೆಟ್ (ಜೈಲಿನ ಹೊರಗೆ ಬದುಕುವ ಪರವಾನಗಿ) ಪಡೆದು, ಸ್ವಂತ ಗಳಿಕೆಯ ಮೇಲೆ ಬದುಕುವ ಕೈದಿ.

ಇಲ್ಲೇ ಎಲ್ಲರೂ ಎಡವುವುದು. ‘ಮದುವೆಯಾದವರಿಗೆ ಬಿಡುಗಡೆ’ ಎಂದು ಬರೆದುಬಿಡುತ್ತಾರೆ. ಸಿಗುತ್ತಿದ್ದದ್ದು ಜೈಲಿನ ಗೋಡೆಯಿಂದ ಬಿಡುಗಡೆ, ದ್ವೀಪದಿಂದಲ್ಲ. ದ್ವೀಪ ಬಿಡಬೇಕಾದರೆ ಒಂಟಿ ಹೆಂಗಸಿಗೆ ಒಟ್ಟು 20 ವರ್ಷ ಆಗಿರಬೇಕು, ಮದುವೆಯಾದವಳಿಗೆ 15. ಐದು ವರ್ಷ ಉಳಿಯಿತಲ್ಲ ಎನ್ನಬೇಡಿ: ಗಂಡ ಹೆಂಡತಿ ಒಟ್ಟಿಗೇ ಹೊರಡಬೇಕು, ಇಬ್ಬರ ಅವಧಿಯೂ ಮುಗಿದಿರಬೇಕು. ಗಂಡನದು ಬಾಕಿಯಿದ್ದರೆ ಅವಳೂ ಕಾಯಬೇಕು.

ಇವರ ಮಕ್ಕಳಿಗೆ ಬಂದ ಹೆಸರು ‘ಲೋಕಲ್ ಬಾರ್ನ್’. ಅದನ್ನು ‘ಸ್ಥಳೀಯರು’ ಎಂದು ಅನುವಾದಿಸಿದ್ದನ್ನೂ ನೋಡಿದ್ದಾಯಿತು. ಹಾಗಾದರೆ ಅಲ್ಲಿನ ಮೂಲನಿವಾಸಿಗಳಾದ ಜಾರವಾ, ಓಂಗಿ ಜನ ಯಾರು?