ಫ್ರೆಡ್ಡಿ ಮರ್ಕ್ಯುರಿಯ ಹುಸಿ ತಂತುಗಳು

ರಾಕ್ ಗಾಯಕರಲ್ಲಿ ಯಾರು ದೊಡ್ಡವರು ಎಂಬ ಚರ್ಚೆ ಶುರುವಾದರೆ ಸಾಕು, ಐದೇ ನಿಮಿಷಕ್ಕೆ ಅದು ಸ್ಥಾಯಿಗಳ (ಒಂದು ಸ ದಿಂದ ಮೇಲಿನ ಸ ವರೆಗಿನ ಹರವು) ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿಯದು ನಾಲ್ಕು ಸ್ಥಾಯಿ, ಗನ್ಸ್ ಎನ್ ರೋಸಸ್ ತಂಡದ ಆಕ್ಸಲ್ ರೋಸ್‌ದು ಐದು, ಹೀಗೆ. 2014ರಲ್ಲಿ ಇಂಥದ್ದೇ ಒಂದು ಪಟ್ಟಿ ಆಕ್ಸಲ್‌ಗೆ ಮೊದಲ ಸ್ಥಾನ ಕೊಟ್ಟು ಸುದ್ದಿಯಾಗಿತ್ತು. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಆ ಪಟ್ಟಿಯಲ್ಲಿ ಆಕ್ಸಲ್‌ರ ತೀರಾ ಕೆಳಗಿನ ಸ್ವರ ಸುಮಾರು 44 ಹರ್ಟ್ಸ್, ಅಂದರೆ ಸೆಕೆಂಡಿಗೆ 44 ಕಂಪನ. ಅಷ್ಟು ಕೆಳಗಿಳಿದಾಗ ಗಂಟಲೊಳಗೆ ಕಂಪಿಸಿ ದನಿ ಹುಟ್ಟಿಸುವ ಧ್ವನಿತಂತುಗಳು ಸಲೀಸಾಗಿ ಕಂಪಿಸುವುದಿಲ್ಲ, ಬಿಡಿ ಬಿಡಿಯಾಗಿ ಕರಕರ ಎನ್ನುತ್ತವೆ. ಬೆಳಿಗ್ಗೆ ಎದ್ದ ತಕ್ಷಣ ಮಾತಾಡಿದರೆ ನಮ್ಮ ಗಂಟಲಲ್ಲೂ ಅದೇ ಸದ್ದು ಬರುತ್ತದಲ್ವಾ? ಅದನ್ನೂ ಹಾಡಿನ ಸ್ವರ ಅಂತ ಎಣಿಸಿದರೆ ಯಾರ ಸ್ಥಾಯಿಯನ್ನಾದರೂ ಹಿಗ್ಗಿಸಬಹುದು.

ಫ್ರೆಡ್ಡಿಯ ವಿಷಯಕ್ಕೆ ಬರೋಣ. ಜಾಂಜಿಬಾರಿನ ಪಾರ್ಸಿ ಕುಟುಂಬದಲ್ಲಿ ಹುಟ್ಟಿ, ಪಂಚಗನಿಯಲ್ಲಿ ಓದಿದ ಹುಡುಗ. ಧ್ವನಿ ವಿಜ್ಞಾನಿ ಕ್ರಿಶ್ಚಿಯನ್ ಹರ್ಬ್‌ಸ್ಟ್ ಮತ್ತು ಸಂಗಡಿಗರು ಫ್ರೆಡ್ಡಿಯ ಧ್ವನಿಮುದ್ರಣಗಳನ್ನು ಅಳೆದು 2016ರಲ್ಲಿ ಪ್ರಕಟಿಸಿದರು. ಸಿಕ್ಕಿದ್ದು ಸುಮಾರು 92ರಿಂದ 784 ಹರ್ಟ್ಸ್. ಅಂದರೆ ಮೂರು ಸ್ಥಾಯಿ, ಮೇಲೊಂದು ಸ್ವರಸ್ಥಾನ. ನಾಲ್ಕು ಸ್ಥಾಯಿಗೆ ಪುರಾವೆ ಸಿಗಲಿಲ್ಲ. ಫ್ರೆಡ್ಡಿ ಮಾತಾಡುತ್ತಿದ್ದದ್ದು ಸುಮಾರು 117 ಹರ್ಟ್ಸ್‌ನಲ್ಲಿ. ತಾರಸ್ಥಾಯಿಗೆ ಹೆಸರಾದವರ ಸಹಜ ದನಿ ಮಾಮೂಲಿ ಗಂಡಸಿನದೇ!

ಆದರೆ ನಿಜವಾದ ಸೊಗಸು ಬೇರೆ ಕಡೆ ಇದೆ. ಧ್ವನಿತಂತುಗಳು ಕೆಲಸ ಮಾಡುವುದನ್ನು ಮ್ಯಾನುಯೆಲ್ ಗಾರ್ಸಿಯಾ 1854ರಲ್ಲೇ ನೋಡಿದ್ದರು. ಅವರು ವೈದ್ಯರಲ್ಲ, ಹಾಡು ಕಲಿಸುವ ಮೇಷ್ಟ್ರು. ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿ, ಒಂದು ಕೈಗನ್ನಡಿ ಮತ್ತು ಬಿಸಿಲು, ಇಷ್ಟರಲ್ಲೇ ತಮ್ಮ ಗಂಟಲೊಳಗೆ ಇಣುಕಿದರು. ಆ ತಂತುಗಳ ಸ್ವಲ್ಪ ಮೇಲೆ ಇನ್ನೊಂದು ಜೋಡಿ ಮಡಿಕೆಗಳಿವೆ. ಅವೇ ಹುಸಿ ತಂತುಗಳು. ನುಂಗುವಾಗ, ಭಾರ ಎತ್ತುವಾಗ ಇವು ಒತ್ತಿಕೊಂಡು ದಾರಿ ಮುಚ್ಚುತ್ತವೆ. ಮಾತಾಡುವಾಗ ಸಾಮಾನ್ಯವಾಗಿ ಸುಮ್ನೆ ಪಕ್ಕಕ್ಕಿರುತ್ತವೆ.

ಫ್ರೆಡ್ಡಿ 1991ರಲ್ಲೇ ತೀರಿಕೊಂಡಿದ್ದರು. ಹಾಗಾಗಿ ಹರ್ಬ್‌ಸ್ಟ್ ತಂಡ ಅವರ ಹಾಗೆ ಹಾಡಬಲ್ಲ ರಾಕ್ ಗಾಯಕರೊಬ್ಬರ ಗಂಟಲನ್ನು ಸೆಕೆಂಡಿಗೆ 4000ಕ್ಕೂ ಹೆಚ್ಚು ಚಿತ್ರ ಹಿಡಿಯುವ ಕ್ಯಾಮೆರಾದಲ್ಲಿ ನೋಡಿತು. ಒರಟು ದನಿ ತೆಗೆದಾಗ ಹುಸಿ ತಂತುಗಳೂ ಕಂಪಿಸುತ್ತಿದ್ದವು. ಅದೂ ಲೆಕ್ಕ ತಪ್ಪದೆ! ಕೆಳಗಿನ ತಂತು ಮೂರು ಸಲ ಅಲುಗಿದರೆ ಮೇಲಿನದು ಒಂದು ಸಲ. ಭಜನೆಯಲ್ಲಿ ಒಬ್ಬರು ಬೇಗ ಬೇಗ ತಾಳ ಹಾಕುತ್ತಿರುವಾಗ ಪಕ್ಕದವರು ಮೂರಕ್ಕೊಂದು ಪೆಟ್ಟು ಕೊಟ್ಟ ಹಾಗೆ. ಧ್ವನಿತಂತು 300 ಹರ್ಟ್ಸ್‌ನಲ್ಲಿದ್ದರೆ ಅದರಡಿ 100 ಹರ್ಟ್ಸ್‌ನ ಇನ್ನೊಂದು ಶ್ರುತಿ ಹುಟ್ಟುತ್ತದೆ. ಕಿವಿಗೆ ಅದು ಗುಡುಗಿನಂಥ ಒರಟುತನವಾಗಿ ಕೇಳಿಸುತ್ತದೆ. ಫ್ರೆಡ್ಡಿಯ ಧ್ವನಿಮುದ್ರಣಗಳಲ್ಲೂ ಇಂಥ ಗುರುತು ಸಿಕ್ಕಿದೆ. ಯಾವ ಸ್ಥಾಯಿ ಪಟ್ಟಿಯಲ್ಲೂ ಇದಕ್ಕೆ ಅಂಕವಿಲ್ಲ.

ಇದು ರಾಕ್‌ನವರ ಸ್ವಂತ ಆಸ್ತಿಯೂ ಅಲ್ಲ. ಸೈಬೀರಿಯದ ತುವಾ ಜನ ಹುಸಿ ತಂತು ಬಳಸಿಯೇ ಆಳದ ದನಿ ತೆಗೆಯುತ್ತಾರೆ. ಟಿಬೆಟನ್ ಭಿಕ್ಷುಗಳ ಗಂಭೀರ ಮಂತ್ರಘೋಷದ ಗುಟ್ಟೂ ಇದೇ. ಆ ಪರಂಪರೆಗೆ ಹೆಸರಾದ ಗ್ಯೂಮೆ ಮಠ ಇರುವುದು ನಮ್ಮ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ. ಇದನ್ನು ದೈವಶಕ್ತಿ ಎನ್ನುವವರಿದ್ದಾರೆ. ವರ್ಷಗಟ್ಟಲೆ ಅಭ್ಯಾಸ ಮಾಡಿ ಪಳಗಿಸಿದ ಎರಡು ಮಡಿಕೆಗಳು ಅವು.