ಬ್ಯಾಕ್ಟೀರಿಯಾದ ಎರಡು ಜರಡಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಂಗಳದಲ್ಲಿ ಬೇಯಿಸಿ ಒಣಗಿಸಿದ ಅಡಿಕೆಯನ್ನು ಮೊದಲು ಜರಡಿಗೆ ಹಾಕಿ, ಆಮೇಲೆ ಕೈಯಲ್ಲಿ ಆರಿಸುತ್ತಾರೆ. ಜರಡಿ ಗಾತ್ರವನ್ನಷ್ಟೇ ಅಳೆಯುವುದರಿಂದ, ರಾಶಿ ಅಡಿಕೆಯಷ್ಟೇ ದಪ್ಪವಿರುವ ಕೀಳು ದರ್ಜೆಯ ಗೊರಬಲು ಅದಕ್ಕೆ ತಿಳಿಯುವುದಿಲ್ಲ. ಅದೇ ಅಂಗಳದ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಕ್ಕೂ ಇಂಥದೇ ತೊಡಕಿದೆ.

ಪ್ರೋಟೀನು ಕಟ್ಟಲು ಬೇಕಾದ 20 ಬಗೆಯ ಅಮೈನೊ ಆಮ್ಲಗಳನ್ನು ಅವುಗಳಿಗೆ ಮೀಸಲಾದ ಸಾಗಣೆ ಅಣುಗಳಾದ ಟಿ-ಆರ್‌ಎನ್‌ಎಗಳಿಗೆ ಜೋಡಿಸುವುದು ಕಿಣ್ವಗಳ ಕೆಲಸ. ಪ್ರೋಟೀನು ಕಟ್ಟುವ ಯಂತ್ರವಾದ ರೈಬೋಸೋಮು ಮುಖ್ಯವಾಗಿ ಟಿ-ಆರ್‌ಎನ್‌ಎಯ ಗುರುತನ್ನು ಓದುತ್ತದೆಯೇ ಹೊರತು ಅದು ಹೊತ್ತು ತಂದ ಆಮ್ಲವನ್ನಲ್ಲ. ಆದ್ದರಿಂದ ಇಲ್ಲಾದ ತಪ್ಪು ಮುಂದೆ ಸರಿಹೋಗುವುದು ಕಷ್ಟ. ಐಸೊಲ್ಯೂಸಿನ್, ವ್ಯಾಲೀನ್ ಎಂಬ ಎರಡು ಅಮೈನೊ ಆಮ್ಲಗಳಿಗೆ ಇರುವ ವ್ಯತ್ಯಾಸ ಒಂದು ಇಂಗಾಲ, ಎರಡು ಜಲಜನಕ ಪರಮಾಣು ಮಾತ್ರ. ಇಷ್ಟು ಕಡಿಮೆ ಅಂತರವಿದ್ದರೆ ಸುಮಾರು 20ಕ್ಕೊಂದು ತಪ್ಪು ಅನಿವಾರ್ಯವೆಂದು ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ 1957ರ ಹೊತ್ತಿಗೆ ಲೆಕ್ಕ ಹಾಕಿದ್ದರು. ಅಳೆದು ನೋಡಿದಾಗ ಸಿಕ್ಕಿದ್ದು ಸುಮಾರು 3,000ಕ್ಕೊಂದು.

ಈ ಅಂತರದ ಗುಟ್ಟನ್ನು ರಸಾಯನವಿಜ್ಞಾನಿ ಅಲನ್ ಫರ್ಷ್ಟ್ 'ಎರಡು ಜರಡಿ' ಎಂದು ವಿವರಿಸಿದರು. ಐಸೊಲ್ಯೂಸಿನ್ ಜೋಡಿಸುವ ಕಿಣ್ವದ ಮೊದಲ ಪೊಟರೆಯೊಳಕ್ಕೆ ಐಸೊಲ್ಯೂಸಿನ್‌ಗಿಂತ ದೊಡ್ಡವು ಹೋಗಲಾರವು, ಆದರೆ ಚಿಕ್ಕದಾದ ವ್ಯಾಲೀನ್ ನುಸುಳಿಬಿಡುತ್ತದೆ. ಎರಡನೆಯ ಪೊಟರೆ ಇನ್ನೂ ಇಕ್ಕಟ್ಟು: ಅಲ್ಲಿಗೆ ಐಸೊಲ್ಯೂಸಿನ್ ಹಿಡಿಸದೆ ಹೊರಗುಳಿಯುತ್ತದೆ, ಒಳಹೊಕ್ಕ ವ್ಯಾಲೀನ್ ಜೋಡಣೆಯಿಂದ ಕತ್ತರಿಸಲ್ಪಟ್ಟು ಹೊರಬೀಳುತ್ತದೆ. ನಮ್ಮ ಅಂಗಳದಲ್ಲಿ ಎರಡನೆಯ ಹಂತಕ್ಕೆ ಅಮ್ಮನ ಕಣ್ಣೇ ಬೇಕು. ಕಿಣ್ವಕ್ಕೆ ಜರಡಿಯ ಕಣ್ಣಿನ ಅಳತೆ ಬದಲಾದರೆ ಸಾಕು. ಇಷ್ಟು ಸರಳ ಉಪಾಯ ಇಷ್ಟು ದೊಡ್ಡ ಕೆಲಸ ಮಾಡುವುದು ನನಗಂತೂ ಈಗಲೂ ಬೆರಗು.

ರೈಬೋಸೋಮಿನಲ್ಲೂ ಪರೀಕ್ಷೆ ಎರಡು ಸಲ ನಡೆಯುತ್ತದೆ. ಬಂದ ಟಿ-ಆರ್‌ಎನ್‌ಎ ಜೀನಿನ ಸಂಕೇತಕ್ಕೆ ಹೊಂದುತ್ತದೆಯೇ ಎಂದು ಒಮ್ಮೆ ನೋಡಿ, ಶಕ್ತಿ ಒದಗಿಸುವ ಒಂದು ಜಿಟಿಪಿ ಅಣುವನ್ನು ವ್ಯಯಿಸಿ, ಮತ್ತೊಮ್ಮೆ ನೋಡುತ್ತದೆ. ಶಕ್ತಿ ಖರ್ಚಾದರೂ ನಿಖರತೆ ಹೆಚ್ಚುತ್ತದೆಂದು ಭೌತವಿಜ್ಞಾನಿ ಜಾನ್ ಹಾಪ್‌ಫೀಲ್ಡ್ 1974ರಲ್ಲಿ ತೋರಿಸಿದ್ದರು. ಸೆಕೆಂಡಿಗೆ 15–20 ಆಮ್ಲ ಜೋಡಿಸುವ ವೇಗದಲ್ಲೂ ಕೆಲವು ಸಾವಿರಕ್ಕೋ 10,000ಕ್ಕೋ ಒಂದು ತಪ್ಪಷ್ಟೇ ಆಗುತ್ತದೆ. 300 ಆಮ್ಲಗಳ ಪ್ರೋಟೀನಿನಲ್ಲಿ 10,000ಕ್ಕೊಂದು ತಪ್ಪಾದರೆ 100ರಲ್ಲಿ 97 ಸರಿಯಾಗಿರುತ್ತವೆ; 100ಕ್ಕೊಂದಾದರೆ ಉಳಿಯುವುದು 5 ಮಾತ್ರ.

ಮೊದಲ ಮಳೆಗೆ ಏಳುವ ಮಣ್ಣಿನ ಘಮಕ್ಕೆ ಕಾರಣವಾದ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಬಳಗದಿಂದಲೇ ಕ್ಷಯದ ಔಷಧ ಸ್ಟ್ರೆಪ್ಟೊಮೈಸಿನ್ ಬಂದದ್ದು. ಅದು ರೈಬೋಸೋಮಿಗೆ ಅಂಟಿಕೊಂಡು ತಪ್ಪು ಟಿ-ಆರ್‌ಎನ್‌ಎಯನ್ನೂ ಸರಿಯೆನ್ನುವಂತೆ ಮಾಡುತ್ತದೆ. ಇದನ್ನು ತಾಳಿಕೊಳ್ಳುವ ಕೆಲವು ಬ್ಯಾಕ್ಟೀರಿಯಾಗಳ ರೈಬೋಸೋಮು ಅತಿಯಾಗಿ ನಿಖರ, ಆದರೆ ನಿಧಾನ. ಕೆಲವಂತೂ ಎಷ್ಟು ಬಿಗಿಯಾಗಿವೆಯೆಂದರೆ, ಆ ಔಷಧವಿಲ್ಲದಿದ್ದರೆ ಬೆಳೆಯುವುದೇ ಇಲ್ಲ.